ರೋಲಿನ ಸಂದಿನಲ್ಲಿ ಗೋಧಿ, ಸಂದಿಗೆ ಸಿಗದ ರಾಗಿ

ಯಶವಂತಪುರದ ಎಪಿಎಂಸಿ ಯಾರ್ಡಿನ ಸಗಟು ಮಂಡಿಗಳಲ್ಲಿ 50 ಕಿಲೋ ಚೀಲಗಳನ್ನು ಆಳೆತ್ತರಕ್ಕೆ ಅಟ್ಟಿ ಹಾಕಿರುತ್ತಾರೆ. ಒಂದು ಅಟ್ಟಿಯಲ್ಲಿ ಮೈದಾ, ಪಕ್ಕದ್ದರಲ್ಲಿ ಒಬ್ಬಟ್ಟಿನ ಕಣಕಕ್ಕೆ ಬೇಕಾದ ಚಿರೋಟಿ ರವೆ, ಅದರಾಚೆ ಉಪ್ಪಿಟ್ಟಿಗೆ ಹೋಗುವ ಬಾಂಬೆ ರವೆ. ಪಶು ಆಹಾರದ ಅಂಗಡಿಗೆ ಹೋದರೆ ಗೋಧಿ ಬೂಸಾ; ಅದು ಯಲಹಂಕ, ದೊಡ್ಡಬಳ್ಳಾಪುರದ ಕಡೆ ಹಸು ಕಟ್ಟಿದವರ ಕೊಟ್ಟಿಗೆಗೆ. ಬೆಲೆ ಬೇರೆ, ಗಿರಾಕಿ ಬೇರೆ, ಸೇರುವ ಹೊಟ್ಟೆಯೂ ಬೇರೆ. ಆದರೆ ಈ ನಾಲ್ಕೂ ಒಂದೇ ಗೋಧಿಯಿಂದ, ಒಂದೇ ಮಿಲ್ಲಿನಲ್ಲಿ, ಒಂದೇ ಪಾಳಿಯಲ್ಲಿ ಹೊರಬರಬಲ್ಲವು.

ಅವನ್ನು ಬೇರ್ಪಡಿಸುವುದು ಬೆಂಕಿಯಲ್ಲ, ರಾಸಾಯನಿಕವೂ ಅಲ್ಲ. ಎದುರುಬದುರಾಗಿ ತಿರುಗುವ ಎರಡು ಕಬ್ಬಿಣದ ರೋಲುಗಳು, ಅವುಗಳ ನಡುವೆ ಬೇಕೆಂದಾಗ ಹಿಗ್ಗಿಸಿ ಕುಗ್ಗಿಸಬಹುದಾದ ಒಂದು ಸಂದು, ಕೆಳಗೆ ಜರಡಿ. ಇಷ್ಟೇ. ಈ ಸಂದು ಒಂದು ಕಡೆ ಅರ್ಧ ಮಿಲಿಮೀಟರಿಗಿಂತ ಕೊಂಚ ಹೆಚ್ಚಿದ್ದರೆ, ಇನ್ನೊಂದು ಕಡೆ ಅದರ ಐದನೇ ಒಂದು ಭಾಗದಷ್ಟೂ ಇರುವುದಿಲ್ಲ. ಆರ್.ಟಿ. ನಗರದ ಯಾವುದೋ ಮನೆಯಲ್ಲಿ ಬೆಳಗಿನ ಉಪ್ಪಿಟ್ಟು ಉದುರುದುರಾಗುವುದೂ, ಬೇಕರಿಯ ಬನ್ನು ಹತ್ತಿಯಂತೆ ಉಬ್ಬುವುದೂ ಈ ಕೂದಲೆಳೆಯ ಲೆಕ್ಕದ ಮೇಲೆ ನಿಂತಿವೆ.

ಅದೇ ಯಾರ್ಡಿನಿಂದ ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆಯಲ್ಲಿ ಮುಂದೆ ಹೋದರೆ ಕೃಷಿ ವಿಶ್ವವಿದ್ಯಾನಿಲಯದ ಜಿಕೆವಿಕೆ ಆವರಣ ಸಿಗುತ್ತದೆ. ಅಖಿಲ ಭಾರತ ಕಿರುಧಾನ್ಯ ಸಮನ್ವಯ ಸಂಶೋಧನಾ ಯೋಜನೆಯ ಕೇಂದ್ರವೊಂದು ಅಲ್ಲಿದೆ. ನಮ್ಮ ಕಡೆಯ ಹೊಲಗಳಲ್ಲಿ ಮನೆಮಾತಾಗಿರುವ ಜಿಪಿಯು-28 ರಾಗಿ ಬಂದದ್ದು ಅಲ್ಲಿಂದ. ಹೆಬ್ಬಾಳದ ನಂಟು ಇನ್ನೂ ಹಳೆಯದು: ಎಚ್-22 ಎಂಬ ರಾಗಿ ತಳಿ 1918ರಷ್ಟು ಹಿಂದೆಯೇ ಬಿಡುಗಡೆಯಾಗಿತ್ತು. ನೂರು ವರ್ಷಕ್ಕೂ ಮೀರಿ ರಾಗಿಯ ಕೆಲಸ ನಡೆದಿರುವ ಸೀಮೆಯಿದು. ಹಾಗಿದ್ದೂ ಯಾರ್ಡಿನಲ್ಲಿ ರಾಗಿ ಮೈದಾ ಎಂಬ ಚೀಲ ಇಲ್ಲ. ರಾಗಿಯನ್ನು ನಾವು ಇವತ್ತಿಗೂ ಕಾಳಾಗಿ ಕೊಂಡು, ಹಸನು ಮಾಡಿ, ಬೀದಿ ಕೊನೆಯ ಹಿಟ್ಟಿನ ಮಿಲ್ಲಿಗೆ ಹೊತ್ತುಕೊಂಡು ಹೋಗುತ್ತೇವೆ. ಇಲ್ಲವೇ ಹಾಗೇ ಇಡಿಯಾಗಿ ಬೀಸಿದ ಹಿಟ್ಟಿನ ಪೊಟ್ಟಣ ತರುತ್ತೇವೆ. ಗೋಧಿಯನ್ನು ಸಿಪ್ಪೆ, ತಿರುಳು, ಮೊಳಕೆ ಎಂದು ಬಿಡಿಸಿಟ್ಟ ರೋಲು ರಾಗಿಯ ಮುಂದೆ ಕೈಚೆಲ್ಲಿದ್ದು ಏಕೆ? ಉತ್ತರ ಬೇಕಾದರೆ ಮೊದಲು ಗೋಧಿ ಹೇಗೆ ಸೋತಿತೆಂದು ನೋಡಬೇಕು.

ಒಂದು ಗೋಧಿ ಕಾಳನ್ನು ಅಂಗೈಯಲ್ಲಿಟ್ಟುಕೊಳ್ಳಿ. ಬೆನ್ನು ದುಂಡಗಿದೆ. ಹೊಟ್ಟೆಯ ಕಡೆ ತುದಿಯಿಂದ ತುದಿಗೆ ಒಂದು ಸೀಳು. ಈ ಸೀಳು ಮೇಲ್ಮೈಯ ಗೀರಲ್ಲ. ಕಾಳಿನ ನಡುಮಧ್ಯದವರೆಗೆ ಇಳಿದಿರುತ್ತದೆ, ಸಿಪ್ಪೆಯೂ ಅದರೊಂದಿಗೆ ಒಳಕ್ಕೆ ಮಡಚಿಕೊಂಡಿರುತ್ತದೆ. ಅಕ್ಕಿಗೆ ಇಂಥ ಸೀಳಿಲ್ಲ, ಆದ್ದರಿಂದ ಅದನ್ನು ಹೊರಗಿನಿಂದ ಉಜ್ಜಿ ಪಾಲಿಶ್ ಮಾಡಬಹುದು. ಗೋಧಿಯನ್ನು ಎಷ್ಟು ಉಜ್ಜಿದರೂ ಸೀಳಿನೊಳಗಿನ ಸಿಪ್ಪೆ ಕೈಗೆ ಸಿಗದು. ಅದನ್ನು ಬಿಡಿಸಲು ಉಳಿದಿರುವುದು ಒಂದೇ ದಾರಿ: ಕಾಳನ್ನು ಬಿಚ್ಚಿ ಹರಡಿ, ಒಳಗಿನ ತಿರುಳನ್ನು ಸಿಪ್ಪೆಯಿಂದ ಕೆರೆದು ತೆಗೆಯುವುದು. ಕಾಳಿನ ತೂಕದಲ್ಲಿ ತಿರುಳು ಶೇ. 83ರಷ್ಟು, ಸಿಪ್ಪೆ ಶೇ. 14ರ ಮೇಲೆ, ಮೊಳಕೆಯ ಭಾಗ ಬರೀ ಎರಡೂವರೆ. ಮಿಲ್ಲಿನವರ ಆಸೆಯೆಲ್ಲ ಆ 83ರ ಮೇಲೆ.

ಕೆಲಸ ಶುರುವಾಗುವುದು ನೀರಿನಿಂದ. ಗೋಧಿಗೆ ಅಳತೆಯ ನೀರು ಚಿಮುಕಿಸಿ, ತೇವಾಂಶವನ್ನು ಶೇ. 15–16ಕ್ಕೆ ತಂದು, ತೊಟ್ಟಿಯಲ್ಲಿ ಗಂಟೆಗಟ್ಟಲೆ ಬಿಡುತ್ತಾರೆ. ಗಟ್ಟಿ ಗೋಧಿಯಾದರೆ ಒಂದು ಹಗಲು ಒಂದು ರಾತ್ರಿ. ನೀರು ಒಳಗಿಳಿದಂತೆ ತಿರುಳು ಸಡಿಲವಾಗುತ್ತದೆ, ಸಿಪ್ಪೆ ಚರ್ಮದಂತೆ ಜಿಗುಟಾಗುತ್ತದೆ. ಒಂದು ಪುಡಿಯಾಗಲು ತಯಾರು, ಇನ್ನೊಂದು ಪುಡಿಯಾಗಲೊಲ್ಲದು. ಮುಂದಿನ ಯಂತ್ರಗಳೆಲ್ಲ ದುಡಿಸಿಕೊಳ್ಳುವುದು ಈ ವ್ಯತ್ಯಾಸವನ್ನೇ. ರೋಲರ್ ಮಿಲ್ಲನ್ನು ಬರೀ ಕಬ್ಬಿಣದ ಜಾಣ್ಮೆ ಎಂದುಕೊಂಡವರು ಈ ನೀರಿನ ತೊಟ್ಟಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಅರ್ಧ ಬಿಡಿಸುವ ಕೆಲಸ ಅಲ್ಲೇ ಮುಗಿದಿರುತ್ತದೆ.

ಇನ್ನು ರೋಲು. ಕಬ್ಬಿನ ಹಾಲಿನ ಗಾಡಿಯಲ್ಲಿ ಜಲ್ಲೆಯನ್ನು ಎಳೆದುಕೊಳ್ಳುವ ಜೋಡಿ ಉರುಳೆಗಳಂತೆಯೇ ಇವೂ ಒಂದರೆಡೆಗೊಂದು ತಿರುಗುತ್ತವೆ. ಅಲ್ಲಿಗೆ ಹೋಲಿಕೆ ಮುಗಿಯಿತು. ಗಾಡಿಯ ಉರುಳೆಗಳು ಒಂದೇ ವೇಗದಲ್ಲಿ ಸುತ್ತಿ ಹಿಂಡುತ್ತವೆ. ಮಿಲ್ಲಿನ ಮೊದಲ ರೋಲುಗಳಲ್ಲಿ ಒಂದು ಇನ್ನೊಂದಕ್ಕಿಂತ ಎರಡೂವರೆ ಪಟ್ಟು ಜೋರಾಗಿ ಸುತ್ತುತ್ತದೆ. ನಿಧಾನದ ರೋಲು ಕಾಳನ್ನು ತಡೆದು ಹಿಡಿದರೆ, ಜೋರಿನದು ಅದರ ಮೈ ಕೆರೆಯುತ್ತದೆ. ಎರಡರ ಮೈಮೇಲೂ ಉದ್ದಕ್ಕೆ, ತುಸು ಓರೆಯಾಗಿ, ಹಲ್ಲಿನ ಗೀರುಗಳು. ಮೊದಲ ಜೋಡಿಯಲ್ಲಿ ಸೆಂಟಿಮೀಟರಿಗೆ ನಾಲ್ಕರಷ್ಟು, ಮುಂದಿನವುಗಳಲ್ಲಿ ಇನ್ನೂ ಒತ್ತಾಗಿ. ಪ್ರತಿ ಹಲ್ಲಿಗೂ ಒಂದು ಕಡಿದಾದ ಮುಖ, ಒಂದು ಇಳಿಜಾರಿನ ಮುಖ. ಕಡಿದಾದ ಮುಖಗಳು ಎದುರಾಗುವಂತೆ ಜೋಡಿಸಿದರೆ ಕಾಳು ಕತ್ತರಿಸಿದಂತೆ ಒಡೆಯುತ್ತದೆ, ದಪ್ಪ ತರಿ ಹೆಚ್ಚು ಸಿಗುತ್ತದೆ. ಇಳಿಜಾರುಗಳು ಎದುರಾದರೆ ಅಮುಕಿದಂತಾಗಿ ಹಿಟ್ಟು ಹೆಚ್ಚು, ಸಿಪ್ಪೆ ಅಗಲವಾಗಿ ಉಳಿಯುತ್ತದೆ.

ಮೊದಲ ಜೋಡಿ ಗೋಧಿಯನ್ನು ಹಿಟ್ಟು ಮಾಡಲು ಹೋಗುವುದೇ ಇಲ್ಲ. ಬಿಚ್ಚುತ್ತದೆ, ಅಷ್ಟೆ. ಬಿಚ್ಚಿದ್ದು ಜರಡಿಗೆ ಹೋಗುತ್ತದೆ. ಸಿಪ್ಪೆಗೆ ಅಂಟಿದ ದೊಡ್ಡ ಚೂರುಗಳು ಎರಡನೇ ಜೋಡಿಗೆ, ಅಲ್ಲಿಂದ ಉಳಿದದ್ದು ಮೂರನೆಯದಕ್ಕೆ, ನಾಲ್ಕನೆಯದಕ್ಕೆ. ಪ್ರತಿ ಸಲವೂ ಸಂದು ಇನ್ನಷ್ಟು ಕಿರಿದು. ಕೊನೆಗೆ ಸಿಪ್ಪೆ ಬೋಳಾಗಿ ಬೂಸಾ ಚೀಲಕ್ಕೆ ಬೀಳುತ್ತದೆ. ನಡುವೆ ಉದುರಿದ ತಿರುಳಿನ ತುಣುಕುಗಳೇ ರವೆ. ಅವುಗಳೊಂದಿಗೆ ಸಿಪ್ಪೆಯ ಚೂರುಗಳೂ ಬೆರೆತಿರುತ್ತವೆ, ಗಾತ್ರ ಒಂದೇ ಆದ್ದರಿಂದ ಬರೀ ಜರಡಿಗೆ ಬಗ್ಗವು. ಆಗ ಜರಡಿಯ ಅಡಿಯಿಂದ ಗಾಳಿ ಹಾಯಿಸುತ್ತಾರೆ. ಹಗುರ ಸಿಪ್ಪೆ ತೇಲಿ ಹೋಗುತ್ತದೆ, ಭಾರದ ರವೆ ಕೆಳಗಿಳಿಯುತ್ತದೆ. ನಮ್ಮ ಅಜ್ಜಿಯರು ಮೊರದಲ್ಲಿ ಕೇರಿ ಮಾಡುತ್ತಿದ್ದುದು ಇದೇ ಭೌತಶಾಸ್ತ್ರ.

ಇಲ್ಲಿಗೆ ನಿಲ್ಲಿಸಿದರೆ ಉಪ್ಪಿಟ್ಟಿನ ರವೆ, ಚಿರೋಟಿ ರವೆ. ಮುಂದಕ್ಕೆ ಕಳಿಸಿದರೆ ಮೈದಾ. ಮೈದಾದ ರೋಲುಗಳಿಗೆ ಗೀರಿಲ್ಲ. ಮೈ ನಯ ಅಥವಾ ಸ್ವಲ್ಪ ತರಕಲು, ವೇಗದ ವ್ಯತ್ಯಾಸವೂ ಬರೀ ಒಂದೂಕಾಲು ಪಟ್ಟು. ಇಲ್ಲೊಂದು ಚೆಂದದ ಸಂಗತಿಯಿದೆ. ಎಣ್ಣೆಯಂಶವಿರುವ ಮೊಳಕೆಯ ಭಾಗ ಈ ನಯವಾದ ರೋಲುಗಳ ನಡುವೆ ಪುಡಿಯಾಗುವುದಿಲ್ಲ, ಅವಲಕ್ಕಿಯ ಹಾಗೆ ಚಪ್ಪಟೆಯಾಗುತ್ತದೆ. ಚಪ್ಪಟೆಯಾದದ್ದು ಜರಡಿಯ ಮೇಲೆ ನಿಲ್ಲುತ್ತದೆ. ಎಣ್ಣೆ ಹೋದ ಮೈದಾ ಕಮಟು ಬರದೆ ತಿಂಗಳುಗಟ್ಟಲೆ ಉಳಿಯುತ್ತದೆ. ಮಿಲ್ಲಿನಲ್ಲಿ ಇಡಿಯಾಗಿ ಬೀಸಿಸಿದ ಹಿಟ್ಟು ಉಳಿಯದು. ಜೊತೆಗೇ ಹೋದದ್ದು ಥಯಮಿನ್‌ನಂಥ ಜೀವಸತ್ವಗಳು, ನಾರು, ಖನಿಜ. ಮೈದಾ ಎಷ್ಟು ಶುದ್ಧವಾಗಿದೆಯೆಂದು ಮಿಲ್ಲಿನ ಪ್ರಯೋಗಾಲಯ ತಿಳಿಯುವುದು ಅದನ್ನು ಸುಟ್ಟು ಬೂದಿ ತೂಗಿ. ತಿರುಳಿನಲ್ಲಿ ಬೂದಿ ಶೇ. 0.4ರ ಸುತ್ತಮುತ್ತ, ಸಿಪ್ಪೆಯಲ್ಲಿ ಶೇ. 5ಕ್ಕೂ ಮೇಲೆ. ಬೂದಿ ಎಂದರೆ ಖನಿಜ. ಅದು ಕಡಿಮೆಯಾದಷ್ಟೂ ಮೈದಾಕ್ಕೆ ಬೆಲೆ ಹೆಚ್ಚು.

ಸಂದನ್ನು ಹೊಂದಿಸುವವನ ಕೆಲಸ ನೋಡುವಂಥದ್ದು. ರೋಲಿನ ಎರಡು ತುದಿಗೂ ಒಂದೊಂದು ಕೈಚಕ್ರ ಇರುತ್ತದೆ. ರೋಲಿನ ಉದ್ದ ಸುಮಾರು ಒಂದು ಮೀಟರ್; ಆ ಉದ್ದಕ್ಕೂ ಸಂದು ಒಂದೇ ಸಮ ಇರಬೇಕು. ಅನುಭವಿ ಮಿಲ್ಲರ್ ರೋಲಿನ ಕೆಳಗಿನ ಬಾಗಿಲು ತೆಗೆದು, ಎಡತುದಿ, ನಡು, ಬಲತುದಿ ಮೂರೂ ಕಡೆ ಬೀಳುವ ತರಿಯನ್ನು ಬೊಗಸೆಯಲ್ಲಿ ಹಿಡಿಯುತ್ತಾನೆ. ಹೆಬ್ಬೆರಳು ತೋರುಬೆರಳ ನಡುವೆ ಹೊಸಕಿ ನೋಡುತ್ತಾನೆ. ಒಂದು ತುದಿಯ ತರಿ ಬಿಸಿಯಾಗಿ, ಪುಡಿಪುಡಿಯಾಗಿ ಬಂದರೆ ಆ ಕಡೆ ಬಿಗಿ ಹೆಚ್ಚಾಗಿದೆ ಎಂದರ್ಥ. ಚಕ್ರವನ್ನು ಎಳ್ಳಷ್ಟು ಹಿಂದಕ್ಕೆ. ನಂತರ ಕೈಜರಡಿಯಲ್ಲಿ ಅಳತೆಯ ತರಿ ಹಾಕಿ ಗಾಳಿಸಿ, ನೂರರಲ್ಲಿ ಎಷ್ಟು ಪಾಲು ಕೆಳಗಿಳಿಯಿತೆಂದು ತೂಗುತ್ತಾನೆ. ಆ ಅಂಕಿ ತಪ್ಪಿದರೆ ಮುಂದಿನ ಎಲ್ಲ ರೋಲುಗಳ ಲೆಕ್ಕವೂ ತಪ್ಪುತ್ತದೆ. ಮೊದಲ ಜೋಡಿ ಹೆಚ್ಚು ಒಡೆದರೆ ಮೂರನೆಯದಕ್ಕೆ ಕೆಲಸವಿಲ್ಲ, ಕಡಿಮೆ ಒಡೆದರೆ ಅದರ ಬಾಯಿ ಕಟ್ಟುತ್ತದೆ.

ಬೆಳಿಗ್ಗೆ ಹೊಂದಿಸಿಟ್ಟ ಸಂದು ಮಧ್ಯಾಹ್ನಕ್ಕೆ ತಾನೇ ತಾನಾಗಿ ಕಿರಿದಾಗಿರುತ್ತದೆ. ಯಾರೂ ಚಕ್ರ ಮುಟ್ಟಿರುವುದಿಲ್ಲ. ರೋಲು ಕಾದು ಹಿಗ್ಗಿರುತ್ತದೆ. ಲೆಕ್ಕ ಹಾಕಿ ನೋಡೋಣ. ರೋಲಿನ ಅಡ್ಡಳತೆ 250 ಮಿಲಿಮೀಟರ್, ಅಂದರೆ ತ್ರಿಜ್ಯ 125. ಕಬ್ಬಿಣ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ತನ್ನ ಅಳತೆಯ ಲಕ್ಷದಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು ಹಿಗ್ಗುತ್ತದೆ. 20 ಡಿಗ್ರಿ ಬಿಸಿ ಏರಿತೆನ್ನಿ: ಒಂದೊಂದು ರೋಲೂ ಸಂದಿನ ಕಡೆಗೆ ಸುಮಾರು 0.027 ಮಿಲಿಮೀಟರ್ ಚಾಚಿಕೊಳ್ಳುತ್ತದೆ, ಎರಡೂ ಸೇರಿ 0.055. ಮೊದಲ ಜೋಡಿಯಲ್ಲಿ ಇದು ಗಣನೆಗೆ ಬಾರದು. ಮೈದಾದ ರೋಲುಗಳಲ್ಲಿ ಸಂದಿರುವುದೇ ಮಿಲಿಮೀಟರಿನ ಹತ್ತನೇ ಒಂದರ ಆಸುಪಾಸು. ಅಲ್ಲಿ ಇದು ಅರ್ಧ ಸಂದನ್ನೇ ನುಂಗುತ್ತದೆ. ಯಂತ್ರದ ಚೌಕಟ್ಟೂ ಸ್ವಲ್ಪ ಕಾಯುವುದರಿಂದ ನಿಜವಾದ ನಷ್ಟ ಇದಕ್ಕಿಂತ ಕಡಿಮೆ ಇದ್ದೀತು. ಆದರೂ ಮಿಲ್ಲು ಶುರುವಾದ ಮೇಲೆ ರೋಲು ಕಾಯುವವರೆಗೆ ಕಾದು ಮತ್ತೊಮ್ಮೆ ಹೊಂದಿಸುವುದು ಏಕೆಂಬುದು ಇಷ್ಟರಿಂದ ತಿಳಿಯುತ್ತದೆ.

ಈ ವಿದ್ಯೆ ಪಕ್ವವಾದದ್ದು ಹಂಗೇರಿಯಲ್ಲಿ. ಅಲ್ಲಿಯ ಗೋಧಿ ಗಟ್ಟಿ. ಬೀಸುವ ಕಲ್ಲಿನ ಅಡಿ ಸಿಪ್ಪೆ ಸಮೇತ ಪುಡಿಯಾಗಿ ಹಿಟ್ಟು ಕಂದಾಗುತ್ತಿತ್ತು. ಬುಡಾಪೆಸ್ಟಿನ ಗಾಂಜ್ ಕಾರ್ಖಾನೆಯಲ್ಲಿ ಎರಕದ ಕಬ್ಬಿಣವನ್ನು ತಣ್ಣನೆಯ ಲೋಹದ ಅಚ್ಚಿಗೆ ಹೊಯ್ದು, ಹೊರಮೈ ಮಾತ್ರ ಗಾಜಿನಷ್ಟು ಗಡುಸಾಗುವಂತೆ ಮಾಡುವ ಕಲೆ ಬೆಳೆದಿತ್ತು. ರೈಲಿನ ಗಾಲಿಗಳಿಗಾಗಿ ಬೆಳೆಸಿದ ಆ ಕಲೆಯನ್ನು ಆಂದ್ರಾಶ್ ಮೆಹ್ವಾರ್ಟ್ ಎಂಬ ಎಂಜಿನಿಯರ್ 1874ರಲ್ಲಿ ಓರೆಗೀರಿನ ರೋಲಿಗೆ ತಂದ. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ 1878ರ ಮೇ 2ರಂದು ವಾಶ್‌ಬರ್ನ್ ಎ ಮಿಲ್ಲು ತೇಲುತ್ತಿದ್ದ ಹಿಟ್ಟಿನ ದೂಳಿಗೆ ಕಿಡಿ ತಗುಲಿ ಸಿಡಿದು 18 ಜನ ಸತ್ತರು. ಮತ್ತೆ ಕಟ್ಟಿದಾಗ ಆ ಊರಿನ ಮಿಲ್ಲುಗಳು ಕಲ್ಲು ಬಿಟ್ಟು ರೋಲಿಗೆ ಬಂದವು. ಒಂದು ತಲೆಮಾರಿನೊಳಗೆ ಬಿಳಿ ಹಿಟ್ಟು ಶ್ರೀಮಂತರ ಮನೆಯಿಂದ ಎಲ್ಲರ ಮನೆಗೆ ಇಳಿಯಿತು. ನಮ್ಮಲ್ಲಿ ಈ ವಿದ್ಯೆಯನ್ನು ಪಾಠವಾಗಿ ಕಲಿಸುವ ಶಾಲೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ಆವರಣದಲ್ಲಿದೆ, ಸ್ವಿಟ್ಜರ್ಲೆಂಡ್ ಸರ್ಕಾರದ ನೆರವಿನಿಂದ ಶುರುವಾದದ್ದು. ಮೈದಾವನ್ನು ಬ್ರೆಡ್ಡು ಬನ್ನು ಮಾಡಲು ಕಲಿಸುವ ಬೇಕರಿ ತರಬೇತಿ ಘಟಕ ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಆವರಣದಲ್ಲಿದೆ. ಬೇಕರಿ ಇಡಬೇಕೆಂದವರು ರಾಜ್ಯದ ಎಲ್ಲೆಡೆಯಿಂದ ಅಲ್ಲಿಗೆ ಬರುತ್ತಾರೆ.

ಇನ್ನು ರವೆಯ ಮಾತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ರವೆಯಲ್ಲಿ ಇಡ್ಲಿ ಮಾಡಿ ನೋಡಿದ್ದು ತಾವೇ ಎಂದು ಬೆಂಗಳೂರಿನ ಎಂಟಿಆರ್ ಹೋಟೆಲು ಹೇಳಿಕೊಳ್ಳುತ್ತದೆ. ಅಕ್ಕಿ ತರಿಯ ಜಾಗದಲ್ಲಿ ಗೋಧಿ ರವೆ ಕೂತು, ಹುದುಗಿನ ಬದಲು ಮೊಸರು ಸೋಡಾ ಉಬ್ಬಿಸುವ ಆ ಇಡ್ಲಿಗೆ ತರಿಯ ಗಾತ್ರ ಸಮನಾಗಿರಲೇಬೇಕು. ಹಿಟ್ಟು ಬೆರೆತರೆ ಅಂಟು, ದಪ್ಪ ಬೆರೆತರೆ ಹಸಿ. ಬನ್ಸಿ ರವೆಯ ಉಪ್ಪಿಟ್ಟನ್ನು ಇಷ್ಟಪಡುವವರಿಗೆ ಇನ್ನೊಂದು ಮಾತು. ಬನ್ಸಿ, ಡ್ಯೂರಮ್ ಜಾತಿಯ ಗಡುಸು ಗೋಧಿ. ವಿಜಯಪುರ, ಧಾರವಾಡದ ಕಪ್ಪು ನೆಲದ ಹಳೆಯ ಬೆಳೆ. ಅದರ ತಿರುಳು ಗಾಜಿನಂತೆ ಒತ್ತಾಗಿರುವುದರಿಂದ ರೋಲಿನ ಏಟಿಗೆ ಹಿಟ್ಟಾಗದೆ ಮೂಲೆಗಳುಳ್ಳ ಹರಳಾಗಿ ಒಡೆಯುತ್ತದೆ. ಬಾಣಲೆಯಲ್ಲಿ ಅದು ಮುದ್ದೆಗಟ್ಟದಿರುವುದು ಅಡುಗೆಯವರ ಕೈಗುಣದಷ್ಟೇ ಕಾಳಿನ ಗುಣ.

ಹಾಗಿದ್ದರೆ ಸಣ್ಣ ರೋಲರ್ ಮಿಲ್ಲೊಂದನ್ನು ಮನೆಗೆ ತಂದುಕೊಂಡರಾಗದೇ? ಮೇಜಿನಂಚಿಗೆ ಬಿಗಿಯುವ, ತಿರುಪು ತಿರುಗಿಸಿ ಸಂದು ಬದಲಿಸುವ ಪುಟ್ಟ ಯಂತ್ರಗಳು ಸಿಗುತ್ತವೆ. ಅವುಗಳ ಮುಖ್ಯ ಗಿರಾಕಿಗಳು ಬಿಯರ್ ಮಾಡುವವರು. ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲೂ ಬಾರ್ಲಿ ಒಡೆಯಲು ಇದೇ ತತ್ತ್ವದ, ತುಸು ದೊಡ್ಡ ಯಂತ್ರವಿರುತ್ತದೆ. ಅಲ್ಲಿ ಗುರಿ ತಲೆಕೆಳಗು. ಸಿಪ್ಪೆ ಇಡಿಯಾಗಿ ಉಳಿಯಬೇಕು, ಒಳಗಿನ ತಿರುಳು ಮಾತ್ರ ಪುಡಿಯಾಗಬೇಕು. ಯಾಕೆಂದರೆ ಮುಂದೆ ಸಿಹಿ ರಸವನ್ನು ಸೋಸಲು ಆ ಸಿಪ್ಪೆಗಳ ಹಾಸೇ ಜರಡಿ. ಸಂದು ಒಂದು ಮಿಲಿಮೀಟರಿಗಿಂತ ತುಸು ಮೇಲಿದ್ದರೆ ಸಾಕು. ಇನ್ನೂ ಬಿಗಿ ಮಾಡಿದರೆ ಸಿಪ್ಪೆ ಚೂರಾಗಿ ರಸ ಇಳಿಯದೆ ಕೆಸರು ಕಟ್ಟುತ್ತದೆ.

ಚಿಕ್ಕ ರೋಲಿಗೆ ಜ್ಯಾಮಿತಿಯ ಒಂದು ತೊಡಕೂ ಇದೆ. ಕಾಳು ರೋಲುಗಳ ಮೇಲೆ ಕೂತಾಗ ರೋಲಿನ ಮೈ ಅದನ್ನು ಮೇಲಕ್ಕೆ ತಳ್ಳುತ್ತದೆ, ಘರ್ಷಣೆ ಕೆಳಕ್ಕೆ ಎಳೆಯುತ್ತದೆ. ಎಳೆತ ಗೆದ್ದರೆ ಮಾತ್ರ ಕಾಳು ಸಂದಿಗಿಳಿಯುತ್ತದೆ. 250 ಮಿಲಿಮೀಟರಿನ ರೋಲು, 3 ಮಿಲಿಮೀಟರ್ ದಪ್ಪದ ಗೋಧಿ, ಅರ್ಧ ಮಿಲಿಮೀಟರ್ ಸಂದು ಎಂದಿಟ್ಟುಕೊಂಡರೆ ಕಾಳು ಸಿಕ್ಕಿಕೊಳ್ಳುವ ಕೋನ ಸುಮಾರು 8 ಡಿಗ್ರಿ, ಘರ್ಷಣಾಂಕ 0.14 ಇದ್ದರೂ ಸಾಕು. ಮನೆಯ ಯಂತ್ರದ ರೋಲು 32 ಮಿಲಿಮೀಟರಿನದಾದರೆ, ಸಂದು ಒಂದು ಮಿಲಿಮೀಟರ್ ಬಿಟ್ಟರೂ ಆ ಕೋನ 19 ಡಿಗ್ರಿ ದಾಟುತ್ತದೆ, ಘರ್ಷಣಾಂಕ 0.35 ಬೇಕು. ನಯವಾದ ಉಕ್ಕಿನ ಮೇಲೆ ಗೋಧಿಯ ಹಿಡಿತ ಹೆಚ್ಚೂಕಡಿಮೆ ಅಷ್ಟೇ. ಆದ್ದರಿಂದ ಕಾಳು ಒಳಗಿಳಿಯದೆ ಮೇಲೇ ಕುಣಿಯುತ್ತದೆ. ಪುಟ್ಟ ಯಂತ್ರಗಳ ರೋಲಿಗೆಲ್ಲ ಮುಳ್ಳುಮುಳ್ಳು ಗೀರು ಹಾಕಿರುವುದು ಇದಕ್ಕೆ. ಗೀರು ಹಾಕಿದ ಮೇಲೆ ಕಾಳು ಒಡೆದೀತು, ಮೈದಾ ಸಿಗದು. ಮೈದಾ ಒಂದು ಜೋಡಿ ರೋಲಿನ ಕೆಲಸವಲ್ಲ, ಹತ್ತಾರು ಜೋಡಿಗಳ ಸಾಲು, ನಡುನಡುವೆ ಜರಡಿ, ಗಾಳಿ.

ಈಗ ರಾಗಿ. ಗೋಧಿ ಒಂದು ಕಿಲೋಗೆ ಸುಮಾರು 25,000 ಕಾಳು. ರಾಗಿ ಮೂರೂವರೆ ಲಕ್ಷದಷ್ಟು. ಅಡ್ಡಳತೆ ಒಂದರಿಂದ ಎರಡು ಮಿಲಿಮೀಟರಿನೊಳಗೆ. ಒಂದೇ ಹೊಲದ ರಾಗಿಯಲ್ಲೂ ದಪ್ಪ ಕಾಳು ಇರುತ್ತದೆ, ಸಣ್ಣದೂ ಇರುತ್ತದೆ. ದೊಡ್ಡದಕ್ಕೆ ಸರಿಹೋಗುವ ಸಂದಿನಲ್ಲಿ ಚಿಕ್ಕದು ಮೈ ಮುರಿಯದೆ ಜಾರಿ ಕೆಳಗೆ ಬೀಳುತ್ತದೆ. ಆದರೆ ಗಾತ್ರ ದೊಡ್ಡ ಅಡ್ಡಿಯಲ್ಲ. ಗೀರು ಸಣ್ಣ ಮಾಡಿ, ಕಾಳನ್ನು ಮೊದಲೇ ಜರಡಿಯಲ್ಲಿ ವಿಂಗಡಿಸಿದರೆ ರೋಲು ರಾಗಿಯನ್ನೂ ಒಡೆಯುತ್ತದೆ. ಒಡೆದ ಮೇಲೆ ಬೇರ್ಪಡುವುದಿಲ್ಲ, ತೊಂದರೆ ಅಲ್ಲಿದೆ.

ರಾಗಿಯ ಹೊರಗೆ ತೆಳುವಾದ, ಸಡಿಲವಾದ ಒಂದು ಪೊರೆಯಿದೆ. ಒಕ್ಕಣೆಯಲ್ಲಿ, ಉಜ್ಜುವಾಗ ಅದು ಹೊಟ್ಟಾಗಿ ಹಾರಿಹೋಗುತ್ತದೆ. ಅದರಡಿ ಇಟ್ಟಿಗೆ ಬಣ್ಣದ ಬೀಜದ ಸಿಪ್ಪೆ, ಐದು ಪದರದ್ದು. ಈ ಸಿಪ್ಪೆ ತಿರುಳಿಗೆ ಬಿಗಿಯಾಗಿ ಅಂಟಿಕೊಂಡಿದೆ. ತಿರುಳೋ, ಬನ್ಸಿ ಗೋಧಿಯಂತೆ ಗಡುಸಲ್ಲ, ಮೆತ್ತಗಿನ ಹಿಟ್ಟು. ಗೋಧಿಯಲ್ಲಿ ನೀರು ತಂದುಕೊಟ್ಟ ವ್ಯತ್ಯಾಸ ನೆನಪಿದೆಯಲ್ಲ? ಜಿಗುಟು ಸಿಪ್ಪೆ ಅಗಲವಾಗಿ ಉಳಿದು, ತಿರುಳು ಹರಳಾಗಿ ಉದುರಬೇಕು. ರಾಗಿಯಲ್ಲಿ ಏಟು ಬಿದ್ದ ಕೂಡಲೇ ತಿರುಳು ಧೂಳಾಗುತ್ತದೆ, ತೆಳು ಸಿಪ್ಪೆಯೂ ಅದರೊಂದಿಗೇ ಚೂರುಚೂರು. ಎರಡರ ಗಾತ್ರವೂ ಒಂದೇ ಆದಮೇಲೆ ಜರಡಿಯೇನು ಮಾಡೀತು? ಮೇಲಿಂದ ಪಾಲಿಶ್ ಮಾಡಹೋದರೆ ಮೆತ್ತಗಿನ ತಿರುಳು ಆ ಒತ್ತಡ ತಾಳದೆ ಕಾಳೇ ನುಚ್ಚಾಗುತ್ತದೆ. ಅತ್ತ ಅಕ್ಕಿಯ ದಾರಿಯೂ ಇಲ್ಲ, ಇತ್ತ ಗೋಧಿಯ ದಾರಿಯೂ ಇಲ್ಲ.

ಹೀಗೆ ರಾಗಿ ಇಡಿಯಾಗಿಯೇ ಬೀಸುವ ಧಾನ್ಯವಾಗಿ ಉಳಿಯಿತು. ನಮ್ಮ ಹಿರಿಯರು ಮುದ್ದೆಯಲ್ಲಿ ಸಿಪ್ಪೆ ಸಮೇತ ಉಂಡದ್ದು ಪೌಷ್ಟಿಕಾಂಶದ ಪಟ್ಟಿ ನೋಡಿ ಅಲ್ಲ. ಸಿಪ್ಪೆ ತೆಗೆಯಲು ಬರುತ್ತಿರಲಿಲ್ಲ. ಅದರ ಫಲ ದೊಡ್ಡದು. ಭಾರತೀಯ ಆಹಾರಗಳ ಪೌಷ್ಟಿಕಾಂಶ ಪಟ್ಟಿಯಲ್ಲಿ 100 ಗ್ರಾಂ ರಾಗಿಗೆ ಸುಣ್ಣದಂಶ 364 ಮಿಲಿಗ್ರಾಂ, ನಾರು 11 ಗ್ರಾಂ. ಆ ಸುಣ್ಣದ ದೊಡ್ಡ ಪಾಲು ಇರುವುದು ಆ ಸಿಪ್ಪೆಯಲ್ಲೇ. ಬುಡಾಪೆಸ್ಟಿನ ರೋಲು ರಾಗಿಗೂ ಒಗ್ಗಿದ್ದರೆ ದಕ್ಷಿಣ ಕರ್ನಾಟಕದ ಬಡವರ ತಟ್ಟೆಯಿಂದ ಅದು ಯಾವಾಗಲೋ ಬೂಸಾ ಚೀಲ ಸೇರುತ್ತಿತ್ತು ಎಂದು ನಾನು ನಂಬುತ್ತೇನೆ.

ಯಲಹಂಕ ಹಳೇ ಊರಿನ ಓಣಿಗಳಲ್ಲಿ, ಹೆಬ್ಬಾಳದ ಹಿಂದಿನ ಬಡಾವಣೆಗಳಲ್ಲಿ ಇವತ್ತಿಗೂ ರಾಗಿ ಬೀಸುವುದು ಕಲ್ಲಿನ ಮಿಲ್ಲು. ಒಂದು ಕಲ್ಲು ನಿಂತಿರುತ್ತದೆ, ಇನ್ನೊಂದು ಸುತ್ತುತ್ತದೆ, ಪಕ್ಕದಲ್ಲಿ ಬಿಗಿ ಸಡಿಲ ಮಾಡುವ ಚಕ್ರ. ಇಲ್ಲೂ ಸಂದೇ ಮುಖ್ಯ, ಆದರೆ ಇದು ಬೇರೆ ಜಾತಿಯ ಸಂದು. ರೋಲಿನಲ್ಲಿ ಕಾಳು ಕಣ್ಣು ಮಿಟುಕಿಸುವುದರೊಳಗೆ ಕಿರಿದಾದ ಒಂದು ಜಾಗ ದಾಟಿ ಹೊರಬೀಳುತ್ತದೆ. ಕಲ್ಲಿನಲ್ಲಿ ನಡುವಿನಿಂದ ಅಂಚಿನವರೆಗೆ ಉಜ್ಜಿಸಿಕೊಳ್ಳುತ್ತಲೇ ಸಾಗಬೇಕು. ಅದಕ್ಕೇ ಹಿಟ್ಟು ಬಿಸಿ. ಡಬ್ಬಿಗೆ ಹಾಕುವ ಮುಂಚೆ ಪೇಪರಿನ ಮೇಲೆ ಹರಡಿ ಆರಿಸಬೇಕು, ಇಲ್ಲದಿದ್ದರೆ ಬೆವರಿ ಗಂಟು ಕಟ್ಟುತ್ತದೆ. "ಅಣ್ಣ, ರಾಗಿ ಹಾಕಿದ ಮೇಲೆ ನಮ್ಮ ಅಕ್ಕಿ ಹಾಕ್ಬೇಡಿ" ಎಂದು ಹೆಂಗಸರು ಹೇಳುವುದು, ಮಿಲ್ಲಿನವರು ತಲೆಯಾಡಿಸಿ ಅಕ್ಕಿ ಡಬ್ಬಿಗಳನ್ನು ಮುಂದಕ್ಕೆ ಸರಿಸುವುದು ಎಲ್ಲ ಮಿಲ್ಲುಗಳ ನೋಟ. ಕಲ್ಲಿನ ಸಂದಿನಲ್ಲಿ ಉಳಿದ ಒಂದು ಹಿಡಿ ರಾಗಿ ಹಿಟ್ಟು ಕಿಲೋ ಅಕ್ಕಿ ಹಿಟ್ಟಿನ ಬಣ್ಣ ಕೆಡಿಸಬಲ್ಲದು. ಸಿಪ್ಪೆಯ ಬಣ್ಣ ಅಷ್ಟು ಗಾಢ.

ಉಜ್ಜಾಟದಿಂದ ಇನ್ನೊಂದು ಬದಲಾವಣೆಯೂ ಆಗುತ್ತದೆ. ಹಿಟ್ಟಿನೊಳಗಿನ ಪಿಷ್ಟದ ಸೂಕ್ಷ್ಮ ಕಣಗಳು ಬಿರುಕು ಬಿಡುತ್ತವೆ. ಗೋಧಿಯಲ್ಲಿ ಇದನ್ನು ಚೆನ್ನಾಗಿ ಅಳೆದಿದ್ದಾರೆ: ಇಡಿಯಾದ ಪಿಷ್ಟದ ಕಣ ತನ್ನ ತೂಕದ ಅರ್ಧದಷ್ಟು ನೀರನ್ನೂ ಹೀರದು, ಬಿರುಕು ಬಿಟ್ಟದ್ದು ಎರಡು ಪಟ್ಟಿನ ತನಕ ಹೀರುತ್ತದೆ. ಕಲ್ಲಿನ ಮಿಲ್ಲಿನ ಗೋಧಿ ಹಿಟ್ಟು ಹೆಚ್ಚು ನೀರು ಹಿಡಿಯುವುದು, ಅದರ ಚಪಾತಿ ಸಂಜೆಯವರೆಗೂ ಮೆತ್ತಗಿರುವುದು ಇದರಿಂದ. ರೋಲರ್ ಮಿಲ್ಲಿನ ಹಿಟ್ಟಿನಲ್ಲಿ ಇಂಥ ಕಣಗಳು ಕಡಿಮೆ; ಬ್ರೆಡ್ಡಿಗೆ ಅದು ಲೇಸು, ಚಪಾತಿಗೆ ಅಷ್ಟಾಗಿ ಅಲ್ಲ.

ರೋಲಿಗೆ ಸಿಗದ ರಾಗಿಯ ತಿರುಳನ್ನು ಬಿಡಿಸುವ ಉಪಾಯ ನಮ್ಮ ಅಡುಗೆಮನೆಗಳಲ್ಲಿ ಮೊದಲಿಂದಲೂ ಇತ್ತು. ರಾಗಿ ಹಾಲುಬಾಯಿ ಮಾಡುವವರು ರಾಗಿಯನ್ನು ನೆನೆಸಿ, ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡುತ್ತಾರೆ. ನೀರಿನಲ್ಲಿ ನೆಂದ ಸಿಪ್ಪೆ ರುಬ್ಬಿದರೂ ಪುಡಿಯಾಗದೆ ಬಟ್ಟೆಯಲ್ಲಿ ನಿಲ್ಲುತ್ತದೆ, ಬಿಳಿ ಹಾಲು ಕೆಳಗಿಳಿಯುತ್ತದೆ. ಮಗುವಿಗೆ ರಾಗಿ ಸರಿ ಮಾಡುವವರು ಇನ್ನೂ ಒಂದು ಹೆಜ್ಜೆ ಮುಂದೆ. ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಮೊಳಕೆ ಉಜ್ಜಿ ತೆಗೆದು, ಬೀಸಿಸಿ, ವಸ್ತ್ರದಲ್ಲಿ ಜರಡಿ ಹಿಡಿಯುತ್ತಾರೆ. ಮೊಳಕೆಯಲ್ಲಿ ಹುಟ್ಟಿದ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ತುಂಡರಿಸಿರುವುದರಿಂದ ಗಂಜಿ ತೆಳ್ಳಗಾಗುತ್ತದೆ. ಅಷ್ಟೇ ಗಂಜಿಯಲ್ಲಿ ಹೆಚ್ಚು ಹಿಟ್ಟು ಕೊಡಬಹುದು. ಪುಟ್ಟ ಹೊಟ್ಟೆಗೆ ಇದಕ್ಕಿಂತ ಒಳ್ಳೆಯ ಲೆಕ್ಕ ಬೇರಿಲ್ಲ. ಬಿಯರ್ ಮಾಡುವವರು ಬಾರ್ಲಿಗೆ ಮೊಳಕೆ ಬರಿಸುವುದೂ ಇದೇ ಕಿಣ್ವಕ್ಕಾಗಿ.

ಒಣ ದಾರಿಯನ್ನು ತೆರೆದದ್ದು ಮೈಸೂರಿನ ಸಿಎಫ್‌ಟಿಆರ್‌ಐ. ಅಲ್ಲಿ ಎಚ್.ಎಸ್.ಆರ್. ದೇಶಿಕಾಚಾರ್ ಮತ್ತು ಸಂಗಡಿಗರು 1960ರ ದಶಕದಲ್ಲೇ ರಾಗಿ ಹಿಟ್ಟನ್ನು ಬಿಳುಪಾಗಿಸುವ ಪ್ರಯೋಗ ನಡೆಸಿದ್ದರು. ಮುಂದೆ ಎನ್.ಜಿ. ಮಲ್ಲೇಶಿ ಅವರ ತಂಡ ಪ್ರಶ್ನೆಯನ್ನು ಬೇರೆ ಕಡೆಯಿಂದ ಹಿಡಿಯಿತು. ಸಂದು ಬದಲಿಸಿ ಫಲವಿಲ್ಲವಾದರೆ ಕಾಳನ್ನೇ ಬದಲಿಸೋಣ. ಕರಾವಳಿಯಲ್ಲಿ ಭತ್ತವನ್ನು ಬೇಯಿಸಿ ಒಣಗಿಸಿ ಕುಚ್ಚಲಕ್ಕಿ ಮಾಡುವ ಹಾಗೆ ರಾಗಿಯನ್ನು ನೆನೆಸಿ, ಹಬೆ ಕೊಟ್ಟು, ಒಣಗಿಸಿದರು. ಹಬೆಗೆ ಒಳಗಿನ ಪಿಷ್ಟ ಅಂಟಾಗಿ ಬೆಸೆದುಕೊಂಡು, ಒಣಗಿದಾಗ ಮೆತ್ತಗಿನ ತಿರುಳು ಗಡುಸಾಯಿತು. ಈಗ ಅದು ಉಜ್ಜುವ ಯಂತ್ರದ ಒತ್ತಡ ತಾಳುತ್ತದೆ. ಸಿಪ್ಪೆ ಬಿಡಿಸಿದ ರಾಗಿ ಅಕ್ಕಿಯ ಹಾಗೆ ಬಿಡಿಬಿಡಿ ಕಾಳಾಗಿ ಬೇಯುತ್ತದೆ, ಅದರಿಂದ ರವೆಯೂ ಆಗುತ್ತದೆ. ಗೋಧಿಯ ಮಿಲ್ಲಿಗೆ ನೀರಿನ ತೊಟ್ಟಿ ಹೇಗೋ ರಾಗಿಯ ಮಿಲ್ಲಿಗೆ ಈ ಹಬೆಯ ತೊಟ್ಟಿ.

ತಳಿಯ ಕಡೆಯಿಂದಲೂ ಒಂದು ಪ್ರಯತ್ನ ಆಗಿದೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಮಂಡ್ಯ ವಿ.ಸಿ. ಫಾರಂನಿಂದ ಕೆಎಂಆರ್-340 ಎಂಬ ಬಿಳಿ ರಾಗಿ ಬಂದಿದೆ. ಸಿಪ್ಪೆಗೆ ಬಣ್ಣ ಕೊಡುವ ವಸ್ತುಗಳು ಕಡಿಮೆಯಾದ್ದರಿಂದ ಇಡಿಯಾಗಿ ಬೀಸಿದರೂ ಹಿಟ್ಟು ಕಪ್ಪಾಗದು. ಬಿಸ್ಕತ್ತು, ಕೇಕು ಮಾಡುವವರ ಕಣ್ಣು ಅದರ ಮೇಲಿದೆ. ಬಣ್ಣಕ್ಕಾಗಿ ಸಿಪ್ಪೆ ಕಳೆಯುವುದಕ್ಕಿಂತ ಸಿಪ್ಪೆ ಉಳಿಸಿ ಬಣ್ಣ ಕಳೆಯುವ ಈ ದಾರಿ ನನಗೆ ಹೆಚ್ಚು ಹಿಡಿಸುತ್ತದೆ. ಬಣ್ಣದ ಪಾಲಿಫಿನಾಲುಗಳಿಗೂ ಅವುಗಳದೇ ಆರೋಗ್ಯಗುಣವಿದೆ ಎಂಬ ವಾದವನ್ನು ತಳ್ಳಿಹಾಕದೆಯೇ ಈ ಮಾತು ಹೇಳುತ್ತಿದ್ದೇನೆ.

2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿತ್ತು. ಜಿಕೆವಿಕೆಯ ಕೃಷಿ ಮೇಳದಲ್ಲಿ ಕಿರುಧಾನ್ಯ ಸಂಸ್ಕರಣೆಯ ಯಂತ್ರಗಳ ಮುಂದೆ ರೈತ ಸಂಘದವರು, ಸ್ವಸಹಾಯ ಗುಂಪಿನ ಹೆಂಗಸರು ನಿಂತು ವಿಚಾರಿಸುತ್ತಾರೆ: ಗಂಟೆಗೆ ಎಷ್ಟು ಕಿಲೋ, ಕರೆಂಟು ಎಷ್ಟು ಎಳೆಯುತ್ತದೆ, ಸಬ್ಸಿಡಿ ಇದೆಯೇ. ಜೊತೆಗೆ ಇನ್ನೊಂದನ್ನೂ ಕೇಳಬೇಕು: ಹೊರಬರುವ ಸಿಪ್ಪೆ ಎಲ್ಲಿಗೆ? ರಾಗಿಯ ತೂಕದಲ್ಲಿ ಆ ಸಿಪ್ಪೆ ಸಣ್ಣ ಪಾಲಲ್ಲ, ಸುಣ್ಣ, ನಾರು ಹೆಚ್ಚಾಗಿ ಹೋಗುವುದು ಅದರೊಂದಿಗೆ. ರಾಗಿ ರವೆಯ ಪೊಟ್ಟಣ ಕೈಗೆತ್ತಿಕೊಂಡಾಗ ಬಣ್ಣ ನೋಡಿ. ಇಟ್ಟಿಗೆ ಬಣ್ಣದ ಚುಕ್ಕೆಗಳಿದ್ದರೆ ಸಿಪ್ಪೆ ಒಳಗೇ ಇದೆ. ಬರೀ ಬೆಳ್ಳಗೆ, ಕೆನೆ ಬಣ್ಣಕ್ಕಿದ್ದರೆ ಒಂದೋ ಅದು ಬಿಳಿ ರಾಗಿ, ಇಲ್ಲವೇ ಸಿಪ್ಪೆ ಬೇರೆಲ್ಲೋ ಹೋಗಿದೆ. ಸಿಎಫ್‌ಟಿಆರ್‌ಐನ ಮಲ್ಲೇಶಿ ಮತ್ತು ಸಹೋದ್ಯೋಗಿಗಳು ಹೀಗೆ ಬೇರ್ಪಟ್ಟ ಸಿಪ್ಪೆಯನ್ನು ಎಸೆಯಲಿಲ್ಲ. ಪುಡಿ ಮಾಡಿ, ಗೋಧಿ ಹಿಟ್ಟಿಗೆ ಬೆರೆಸಿ, ಬಿಸ್ಕತ್ತು ಸುಟ್ಟು ನೋಡಿದರು.